ನಿಂತ ಗಾಡಿಯ ಟಿಕ್ ಟಿಕ್

ನನ್ನ ಹಳೇ ಪಿಕಪ್ ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಟಿಕ್ ಟಿಕ್ ಅನ್ನುತ್ತಿತ್ತು. ಇಂಜಿನ್ ವಾಲ್ವ್‌ಗಳನ್ನು ತಳ್ಳಿ ತೆರೆಯುವ ಟ್ಯಾಪೆಟ್ ಸದ್ದೇ ಅಂದುಕೊಂಡು ಒಂದು ಭಾನುವಾರ ಪೂರ್ತಿ ಕೂತು ಟ್ಯಾಪೆಟ್ ಗ್ಯಾಪ್ ಹೊಂದಿಸಿದೆ. ಮರುದಿನವೂ ಅದೇ ಟಿಕ್ ಟಿಕ್. ಸದ್ದು ಹೇಗಿದೆ ಅನ್ನೋದಕ್ಕಿಂತ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅಂತ ಮೊದಲು ನೋಡಬೇಕಿತ್ತು.

ಮೊದಲು ಆಯಿಲ್. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಇಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸುವ ಕಡ್ಡಿ, ಡಿಪ್‌ಸ್ಟಿಕ್ ನೋಡಿ. ಕಡಿಮೆ ಇದ್ದರೆ ತುಂಬಿಸಿ ಮತ್ತೆ ಕೇಳಿ. ಎಷ್ಟೋ ಸಲ ಕತೆ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ರಾತ್ರಿಯಿಡೀ ನಿಂತು ತಣ್ಣಗಾದ ಗಾಡಿಯನ್ನು ಬಯಲಲ್ಲೇ ಸ್ಟಾರ್ಟ್ ಮಾಡಿ, ಮುಚ್ಚಿದ ಶೆಡ್‌ನಲ್ಲಿ ಬೇಡ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್. ಕುತ್ತಿಗೆಯ ಟವೆಲ್ ತೆಗೆದಿಡಿ, ಫ್ಯಾನ್‌ಗೆ ಸಿಕ್ಕರೆ ಕಷ್ಟ. ಬಾನೆಟ್ ಎತ್ತಿ ಸುಮ್ನೆ ನಿಂತು ಕೇಳಿ.

ಉದ್ದನೆಯ ಸ್ಕ್ರೂಡ್ರೈವರ್ ಇದ್ದರೆ ಸಾಕು. ತುದಿಯನ್ನು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಾಡಿಯ ಮೇಲೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿ. ಬೇರಿಂಗ್ ಸವೆದಿದ್ದರೆ ಮರಳು ರುಬ್ಬಿದ ಹಾಗೆ ಗರಗರ ಕೇಳಿಸುತ್ತದೆ. ವಾಟರ್ ಪಂಪ್, ವಾಲ್ವ್ ಕವರ್, ಒಂದೊಂದನ್ನೂ ಹೀಗೇ ನೋಡಿ. ತಿರುಗುವ ಭಾಗಕ್ಕೆ ಮಾತ್ರ ತಾಗಿಸಬೇಡಿ.

ಮುಂದಿನಿಂದ ಕಿರ್ ಅನ್ನುತ್ತಿದ್ದರೆ ಬೆಲ್ಟ್ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಬದಲಾದರೆ ಬೆಲ್ಟ್ ಕಡೆಯೇ ತೊಂದರೆ. ಆದರೂ ಅನುಮಾನ ಇದ್ದರೆ ಇಂಜಿನ್ ಆರಿಸಿ, ಆಲ್ಟರ್ನೇಟರ್ ತಿರುಗಿಸುವ ಹೊರಗಿನ ಬೆಲ್ಟ್ ತೆಗೆದು ಅರ್ಧ ನಿಮಿಷ ಓಡಿಸಿ. ವಾಲ್ವ್‌ಗಳ ತಾಳ ಕಾಯುವ ಟೈಮಿಂಗ್ ಬೆಲ್ಟ್ ಮುಟ್ಟಲೇಬೇಡಿ! ಸದ್ದು ನಿಂತರೆ ಆ ಬೆಲ್ಟ್‌ನಲ್ಲೋ ಅದು ತಿರುಗಿಸುವ ಯಾವುದೋ ಒಂದರಲ್ಲೋ ದೋಷ ಇದೆ, ಇಂಜಿನ್ ಒಳಗಲ್ಲ.

ಕ್ಲಚ್ ಕೂಡ ಒತ್ತಿ ನೋಡಿ. ಒತ್ತಿದಾಗ ಸದ್ದು ನಿಂತರೆ ಗೇರ್‌ಬಾಕ್ಸ್ ಬೇರಿಂಗ್, ಒತ್ತಿದಾಗಲೇ ಶುರುವಾದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಡಬ್ಬಿ ಅಲುಗಿದ ಹಾಗೆ ಕೆಳಗಿನಿಂದ ಕೇಳಿದರೆ ಸೈಲೆನ್ಸರ್ ಹತ್ತಿರದ ತಗಡು ಸಡಿಲವಾಗಿರುತ್ತದೆ, ಅಷ್ಟೇ.

ಇಂಜಿನ್ ತಳದಿಂದ ದಬ್ ದಬ್ ಬಂದು, ರೇಸ್ ಮಾಡಿದಾಗ ಜಾಸ್ತಿಯಾದರೆ ಪರೀಕ್ಷೆ ಸಾಕು. ಅದು ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಆಗಿರಬಹುದು. ತಕ್ಷಣ ಆರಿಸಿ, ಗಾಡಿಯನ್ನು ಎಳೆಸಿಕೊಂಡು ಹೋಗಿ.

ಇನ್ನು ನನ್ನ ಟಿಕ್ ಟಿಕ್. ಟ್ಯಾಪೆಟ್‌ಗಳನ್ನು ತಳ್ಳುವ ಕ್ಯಾಮ್‌ಶಾಫ್ಟ್, ಇಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಐಡಲ್, ಅಂದರೆ ರೇಸ್ ಮಾಡದೆ ಬಿಟ್ಟಾಗಿನ ವೇಗ, 800 ಆರ್‌ಪಿಎಂ (ನಿಮಿಷಕ್ಕೆ 800 ಸುತ್ತು) ಇದ್ದರೆ ಸಡಿಲವಾದ ಒಂದು ಟ್ಯಾಪೆಟ್ ನಿಮಿಷಕ್ಕೆ 400 ಸಲ ಬಡಿಯುತ್ತದೆ. ಒಂದು ಸಿಲಿಂಡರ್ ಹೊಗೆ ಬಿಡುವುದೂ ಎರಡು ಸುತ್ತಿಗೆ ಒಮ್ಮೆಯೇ ಅಲ್ವಾ, ಹಾಗಾಗಿ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಮಾಡುವ ಕೊಳವೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೋರಿದರೂ ತಾಳ ಅದೇ. ಅಲ್ಲೇ ನಾನು ಮೋಸ ಹೋದದ್ದು. ಆದರೆ ನನ್ನ ಗಾಡಿಯ ಸದ್ದು ಬಿಸಿಯಾಗುತ್ತಾ ಹೋದ ಹಾಗೆ ಕರಗಿ, ಐದಾರು ನಿಮಿಷಕ್ಕೆ ಮಾಯವಾಗುತ್ತಿತ್ತು. ಲೋಹ ಹಿಗ್ಗಿ ಮ್ಯಾನಿಫೋಲ್ಡ್ ಸೋರುವ ಸಂದು ಮುಚ್ಚಿಕೊಳ್ಳುತ್ತಿತ್ತು, ಅಷ್ಟೇ.

ಟಾರ್ಚ್ ಹಿಡಿದು ನೋಡಿದರೆ ಕೊನೆಯ ಸಿಲಿಂಡರ್ ಹತ್ತಿರ, ಮ್ಯಾನಿಫೋಲ್ಡ್ ಸಂದು ಮುಚ್ಚುವ ಗ್ಯಾಸ್ಕೆಟ್ ಅಂಚಿನಲ್ಲಿ ಬೆರಳಗಲ ಕಪ್ಪು ಮಸಿ. ಪಕ್ಕದಲ್ಲಿ ಮ್ಯಾನಿಫೋಲ್ಡ್ ಬಿಗಿಹಿಡಿಯುವ ಸ್ಟಡ್‌ನ (ತಲೆಯಿಲ್ಲದ ಬೋಲ್ಟ್) ಹೊರತುದಿಯೇ ಇರಲಿಲ್ಲ. ಮುರಿದು ಒಳಗುಳಿದ ತುಂಡನ್ನು ತೆಗೆಯಲು ಮಾತ್ರ ಮೆಕ್ಯಾನಿಕ್‌ಗೆ ಕೊಟ್ಟೆ. ಡ್ರಿಲ್ ಜಾರಿ ಸಿಲಿಂಡರ್ ಹೆಡ್ ಹಾಳಾದರೆ ಅನ್ನೋ ಭಯ ನನಗೆ.