ಕನಸು ಜಾರಿಹೋಗುವ ಮುಂಚೆ

ಬೆಳಗ್ಗೆ ಎಚ್ಚರವಾದ ತಕ್ಷಣ ಮೊಬೈಲ್ ಹಿಡಿಯಬೇಡಿ, ಮಗ್ಗುಲೂ ಬದಲಿಸಬೇಡಿ. ಕಣ್ಣು ಮುಚ್ಚಿಕೊಂಡೇ ಕನಸಿನ ಕೊನೆಯ ದೃಶ್ಯ ಹಿಡಿದು ಹಿಂದಕ್ಕೆ ಹೋಗಿ, ಉಳಿದದ್ದೂ ಬರುತ್ತದೆ. ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ. ಬೆಳಗಿನ ಜಾವದ ಸುತ್ತುಗಳಲ್ಲಿ ಕನಸಿನ ಪಾಲು ಹೆಚ್ಚು.

ನನಗೆ ಪದೇ ಪದೇ ಬೀಳುತ್ತಿದ್ದ ಕನಸು: ಅಜ್ಜಿ ಮನೆಯ ಬಾವಿ, ರಾಟೆಯ ಕಿರ್ರ್ ಸದ್ದು, ಕೈಯಿಂದ ಜಾರುವ ಹಗ್ಗ. ಸಂಜೆ ಹತ್ತು ನಿಮಿಷ ಉಸಿರು ಗಮನಿಸುತ್ತಾ ಕೂತು, ಆಮೇಲೆ ಮನಸ್ಸಿನಲ್ಲೇ ಅದೇ ಬಾವಿಕಟ್ಟೆಗೆ ಹೋಗಿ ನಿಂತೆ. ನಾರಿನ ಹಗ್ಗ ಅಂಗೈಗೆ ಒರಟಾಗಿ ತಾಗಿತು. ಈ ಸಲ ಕೊಡ ಮೇಲೆ ಬಂತು, ತಣ್ಣನೆ ನೀರು ಪಾದದ ಮೇಲೆ ಚೆಲ್ಲಿತು. ಎರಡು ವಾರ ಹೀಗೇ ಮಾಡಿದೆ, ಕನಸು ಬರುವುದು ಕಡಿಮೆಯಾಯ್ತು. ದುಃಸ್ವಪ್ನಗಳಿಗೆ ಮನೋಚಿಕಿತ್ಸಕರೂ ಹೀಗೆ ಅಂತ್ಯ ಬದಲಿಸಿ ಹಗಲಲ್ಲಿ ಅಭ್ಯಾಸ ಮಾಡಿಸುತ್ತಾರೆ.

ಬಾವಿ ಕಂಡರೆ ಇಂಥ ಫಲ ಅನ್ನುವ ಪಟ್ಟಿಗಳನ್ನು ದಯವಿಟ್ಟು ಬಿಡಿ. ಮಾಂಡೂಕ್ಯ ಉಪನಿಷತ್ತು ಕನಸಿನ ಸ್ಥಿತಿಯನ್ನು ‘ಅಂತಃಪ್ರಜ್ಞ’ ಎನ್ನುತ್ತದೆ, ಒಳಕ್ಕೆ ತಿರುಗಿದ ಅರಿವು. ಹಾಗಾಗಿ ನಾನು ಕೇಳಿಕೊಂಡಿದ್ದು ಇಷ್ಟೇ: ಈಗ ನನ್ನ ಕೈಯಿಂದ ಜಾರುತ್ತಿರುವುದು ಯಾವುದು? ಉತ್ತರ ಸಿಕ್ಕಿದ ದಿನ ಅಮ್ಮನಿಗೆ ಫೋನ್ ಮಾಡಿದೆ.

ಆಘಾತದ ನೆನಪು ಮರುಕಳಿಸುವ ಕನಸಾದರೆ ಮಾತ್ರ ಒಬ್ಬರೇ ಕೂರಬೇಡಿ, ಆಪ್ತಸಮಾಲೋಚಕರ ಜತೆ ಮಾಡಿ.