ಒಂದು ಫೋನಿಗೆ ಅಷ್ಟೊಂದು ಪೊಲೀಸ್ ಕಾರು ಯಾಕೆ?

ನಮ್ಮಮ್ಮ ದಾವಣಗೆರೆಯಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ಮೂರನೇ ದಿನ. ಬೆಳಗ್ಗೆ ಐದೂವರೆಗೆ ಎದ್ದು, ರಂಗೋಲಿ ಡಬ್ಬಿ ಹಿಡಿದು ಮುಂಬಾಗಿಲು ತೆಗೆದರು. ಕಳ್ಳರ ಅಲಾರಂ ಕೂಗಿಕೊಂಡಿತು. ಅಲಾರಂ ಕಂಪನಿಯವರ ಫೋನ್ ನನಗೆ ಕೇಳಿಸಲೇ ಇಲ್ಲ, ಅವರು ಪೊಲೀಸರಿಗೆ ತಿಳಿಸಿದರು. ಸ್ವಲ್ಪ ಹೊತ್ತಿಗೆ ಮನೆ ಮುಂದೆ ಎರಡು ಪೊಲೀಸ್ ಕಾರು. ಒಬ್ಬರು ಬಾಗಿಲಿಗೆ ಬಂದರು, ಇನ್ನೊಬ್ಬರು ಸೀದಾ ಹಿತ್ತಲಿಗೆ ಹೋದರು. "ಒಂದು ಮುದುಕಿಗೆ ಎರಡು ಕಾರಾ?" ಅಂದರು ಅಮ್ಮ.

ಹೊಸದಾಗಿ ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಬೆಂಗಳೂರಿನ ಪೊಲೀಸರ ಹೊಯ್ಸಳ ಗಾಡಿಯಲ್ಲಿ ಡ್ರೈವರ್ ಜೊತೆಗೆ ಇನ್ನೊಬ್ಬರಾದರೂ ಇರುತ್ತಾರೆ. ಅಮೆರಿಕದ ಬಹಳಷ್ಟು ಊರುಗಳಲ್ಲಿ ಒಂದು ಕಾರಿಗೆ ಒಬ್ಬರೇ. 1970ರ ದಶಕದಲ್ಲಿ ಸ್ಯಾನ್ ಡಿಯೇಗೊದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದರು. ಒಬ್ಬರೇ ಇದ್ದರೂ ಅಪಾಯ ಜಾಸ್ತಿಯಾಗುವುದಿಲ್ಲ, ಖರ್ಚು ಮಾತ್ರ ಉಳಿಯುತ್ತದೆ ಎಂದು ಕಂಡುಬಂತು. ನ್ಯೂಯಾರ್ಕಿನಂಥ ಕಡೆ ಈಗಲೂ ಇಬ್ಬಿಬ್ಬರು ಹೋಗುತ್ತಾರೆ. ಹಾಗಾಗಿ ಮೂರು ಕಾರು ಕಂಡರೆ ದೊಡ್ಡ ಪಡೆ ಬಂತು ಅಂದುಕೊಳ್ಳಬೇಡಿ. ಬಂದಿರುವುದು ಮೂರೇ ಜನ ಇರಬಹುದು.

ಎಷ್ಟು ಜನ ಹೋಗಬೇಕು ಅನ್ನುವುದು ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದಾಗಲೇ ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ. ಫೋನ್ ಎತ್ತಿದವರು ನಿಮ್ಮ ಮಾತನ್ನು ಕಂಪ್ಯೂಟರಿಗೆ ಹಾಕುತ್ತಾ, ಅದು ಎಂಥ ಕರೆ, ಎಷ್ಟು ತುರ್ತು ಎಂದು ಗುರುತು ಹಾಕುತ್ತಾರೆ. ಡಿಸ್ಪ್ಯಾಚರ್ ಅದನ್ನು ನೋಡಿ, ಹತ್ತಿರ ಖಾಲಿ ಇರುವ ಕಾರುಗಳನ್ನು ಕಳಿಸುತ್ತಾರೆ. ನಿಲ್ಲಿಸಿದ್ದ ಕಾರಿಗೆ ಯಾರೋ ಗುದ್ದಿ ಹೋಗಿದ್ದರೆ ಒಬ್ಬರು ಸಾಕು. ಗಂಡ ಹೆಂಡತಿ ಜಗಳ, ಆಯುಧ, ಕಳ್ಳರ ಅಲಾರಂ ಅಂದರೆ ಸಾಮಾನ್ಯವಾಗಿ ಇಬ್ಬರಾದರೂ ಬೇಕು. ಜಗಳದಲ್ಲಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸಬೇಕು. ಅಲಾರಂ ಆದರೆ ಮುಂಬಾಗಿಲು, ಹಿಂಬಾಗಿಲು ಎರಡನ್ನೂ ಕಾಯಬೇಕು. ಹೋದವರು "ಕೋಡ್ ಫೋರ್" ಅಂತ ರೇಡಿಯೋದಲ್ಲಿ ಹೇಳಿದರೆ, ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಇನ್ನು ಯಾರೂ ಬೇಡ ಅಂತ ಅರ್ಥ. ದಾರಿಯಲ್ಲಿದ್ದವರು ವಾಪಸ್ ಹೋಗುತ್ತಾರೆ.

ಆದ್ದರಿಂದ ನೀವು ಹೇಳುವ ಮಾತು ಮುಖ್ಯ. ಮೊದಲು ವಿಳಾಸ ಹೇಳಿ, ಆಮೇಲೆ ಏನಾಯಿತು ಅಂತ. "ಆಯುಧ ಇದೆಯಾ? ಯಾರಾದರೂ ಕುಡಿದಿದ್ದಾರಾ? ಎಷ್ಟು ಜನ?" ಎಂದು ಕೇಳುತ್ತಲೇ ಇರುತ್ತಾರೆ. ನಮ್ಮವರು "ಮೊದಲು ಕಳಿಸ್ರೀ, ಆಮೇಲೆ ಕೇಳಿ" ಅಂತ ರೇಗುವುದುಂಟು. ತುರ್ತಿದ್ದರೆ, ನೀವು ಮಾತಾಡುತ್ತಿರುವಾಗಲೇ ಕಾರು ಹೊರಟಿರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನಿ. ಬೇಗ ಬರಲಿ ಅಂತ ಇಲ್ಲದ ಚಾಕುವನ್ನು ಸೇರಿಸಬೇಡಿ. ಬರುವವರು ಚಾಕು ಇದೆ ಅಂತಲೇ ಬರುತ್ತಾರೆ, ಅದು ನಿಮಗೇ ಅಪಾಯ. ಇಂಗ್ಲಿಷ್ ಬಾರದ ಅಪ್ಪ ಅಮ್ಮನಿಗೆ ಮನೆ ವಿಳಾಸದ ಜೊತೆ "ಕನ್ನಡ" ಎಂಬ ಒಂದು ಪದ ಹೇಳಲು ಕಲಿಸಿ. ಬಹಳ ಕಡೆ ಫೋನಿನಲ್ಲೇ ದುಭಾಷಿಯನ್ನು ಹುಡುಕಿಕೊಡುತ್ತಾರೆ.

ಕೆಲವೊಮ್ಮೆ ಯಾರೂ ಬರುವುದೇ ಇಲ್ಲ. ಕಾರಿನ ಗಾಜು ಒಡೆದು ಬ್ಯಾಗ್ ಕದ್ದರೆ, ಅನೇಕ ಊರುಗಳಲ್ಲಿ ಆನ್‌ಲೈನಲ್ಲೇ ದೂರು ಕೊಡಿ ಅನ್ನುತ್ತಾರೆ. ನನಗೂ ಹಾಗೇ ಆಯಿತು, ಕೋಪವೂ ಬಂತು. ಕಳ್ಳ ಹೋಗಿಯಾಗಿದೆ, ಯಾರ ಜೀವಕ್ಕೂ ಅಪಾಯವಿಲ್ಲ, ಹಾಗಾಗಿ ನಮ್ಮ ಕರೆ ಸಾಲಿನ ಕೊನೆಗೆ. ಇಂಥದ್ದಕ್ಕೆ 911 ಬೇಡ. ನಿಮ್ಮೂರಿನ ಪೊಲೀಸರ ತುರ್ತಲ್ಲದ ನಂಬರನ್ನು ಇವತ್ತೇ ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಮನಸ್ಸು ತೀರಾ ಕುಸಿದವರಿಗೆ 988 ಎಂಬ ಸಹಾಯವಾಣಿ ಇದೆ, 2022ರಿಂದ. ಅಲ್ಲಿ ಬಹಳಷ್ಟು ಸಲ ಮಾತಿನಲ್ಲೇ ಸಮಾಧಾನ ಮಾಡುತ್ತಾರೆ.

ಟ್ರಾಫಿಕ್ ಪೊಲೀಸರು ನಿಲ್ಲಿಸಿದಾಗ ಹಿಂದೆ ಎರಡನೇ ಕಾರು ಬಂದರೆ ಗಾಬರಿ ಬೇಡ. ಅದು ಒಬ್ಬಂಟಿ ಅಧಿಕಾರಿಗೆ ಜೊತೆ, ಅಷ್ಟೇ. ನಮ್ಮೂರಿನ ಅಭ್ಯಾಸದಂತೆ ಇಳಿದು "ಸಾರ್, ಸಾರ್" ಅಂತ ಹೋಗಬೇಡಿ. ಸೀಟಿನಲ್ಲೇ ಕೂತು, ಕೈ ಸ್ಟೀರಿಂಗ್ ಮೇಲಿಡಿ.

ಇನ್ನೊಂದು ಮಾತು. ಊರಿಗೆ ಫೋನ್ ಮಾಡಲು 011, ಆಮೇಲೆ 91 ಒತ್ತುವ ಅವಸರದಲ್ಲಿ 911 ಒತ್ತಿಬಿಡುವುದು ನಮ್ಮವರಲ್ಲಿ ಹಳೇ ಕಥೆ. ಹಾಗಾದರೆ ಹೆದರಿ ಕಟ್ ಮಾಡಬೇಡಿ. ಕಟ್ ಮಾಡಿದರೆ ಅವರೇ ವಾಪಸ್ ಫೋನ್ ಮಾಡುತ್ತಾರೆ, ನೀವು ಎತ್ತದಿದ್ದರೆ ಕಾರು ಕಳಿಸಲೂಬಹುದು. ಲೈನಿನಲ್ಲೇ ಇದ್ದು, ತಪ್ಪಿ ಒತ್ತಿದೆ, ತೊಂದರೆ ಏನಿಲ್ಲ ಎಂದು ಹೇಳಿ ಇಡಿ.