ಕಲಬುರಗಿಯಿಂದ ಅಮೆರಿಕಕ್ಕೆ ಎಕಾನಮಿಯಲ್ಲಿ: ಯಾವ ದಾರಿ, ಯಾವ ವಿಮಾನ, ಯಾವ ಸೀಟು

ನಮ್ಮ ಭಾಗದಲ್ಲಿ ಅಮೆರಿಕದ ಟಿಕೆಟ್ ಹುಡುಕುವವರು ಹೆಚ್ಚಾಗಿ ಎರಡು ಬಗೆ: ಎಂಎಸ್ ಓದಲು ಹೊರಟ ಮಕ್ಕಳು, ಆ ಮಕ್ಕಳನ್ನು ನೋಡಲು ಹೊರಟ ಅಪ್ಪ-ಅವ್ವ. ಇಬ್ಬರೂ ಮಾಡುವ ತಪ್ಪು ಒಂದೇ. ಹೈದರಾಬಾದ್‌ನಿಂದ ಡಲ್ಲಾಸ್ ಅಂತ ಹಾಕುತ್ತಾರೆ, ದರದ ಸಾಲಿನಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದನ್ನು ಒತ್ತುತ್ತಾರೆ. ಆ ದರದಲ್ಲಿ ಹೈದರಾಬಾದ್ ವಿಮಾನ ನಿಲ್ದಾಣವಿರುವ ಶಂಶಾಬಾದ್ ತಲುಪುವ ಖರ್ಚಿಲ್ಲ, ಎರಡನೇ ಬ್ಯಾಗ್ ಇದೆಯೋ ಇಲ್ಲವೋ ಗೊತ್ತಿಲ್ಲ, ಹದಿನಾರು ತಾಸು ಯಾವ ಕುರ್ಚಿಯಲ್ಲಿ ಕೂರಬೇಕೆಂಬುದೂ ಗೊತ್ತಿಲ್ಲ. ಮೊದಲು ಆರಿಸಬೇಕಾದದ್ದು ಕಂಪನಿಯನ್ನಲ್ಲ, ಇಡೀ ಪ್ರಯಾಣದ ಅತಿ ಉದ್ದದ ಹಾರಾಟವನ್ನು. ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿಕೊಳ್ಳಬಹುದು.

ಲೆಕ್ಕ ಮನೆ ಬಾಗಿಲಿನಿಂದ

ಬೆಳಗಿನ 4 ಗಂಟೆಗೆ ಹೈದರಾಬಾದ್‌ನಿಂದ ದುಬೈ ವಿಮಾನ ಅಂತಿಟ್ಟುಕೊಳ್ಳಿ. ಕೌಂಟರ್ ಮುಂದೆ 1 ಗಂಟೆಗೆ ಇರಬೇಕು. ಕಲಬುರಗಿಯಿಂದ ಹುಮನಾಬಾದ್, ಜಹೀರಾಬಾದ್, ಪಟಾನ್‌ಚೆರು ದಾಟಿ ಔಟರ್ ರಿಂಗ್ ರೋಡ್ ಹಿಡಿದರೆ ಸುಮಾರು ಐದು ತಾಸು. ಲಾರಿ, ಪಂಕ್ಚರ್, ಚಹಾ ಎಂದು ಒಂದು ತಾಸು ಕೈಯಲ್ಲಿಟ್ಟುಕೊಂಡರೆ ಸಂಜೆ 7ಕ್ಕೆ ಮನೆ ಬಿಡಬೇಕು. ಅಲ್ಲಿಂದ ಎಣಿಸಿ: ರಸ್ತೆ 6, ನಿಲ್ದಾಣದಲ್ಲಿ 3, ದುಬೈಗೆ 4, ಅಲ್ಲಿ ಕಾಯುವುದು 3, ಡಲ್ಲಾಸ್‌ಗೆ 16, ಇಳಿದ ಮೇಲೆ ಇಮಿಗ್ರೇಶನ್ ಮತ್ತು ಬ್ಯಾಗಿಗೆ 2. ಒಟ್ಟು 34 ತಾಸು. ಐದಾರು ಸಾವಿರ ಉಳಿಯುತ್ತದೆಂದು ದುಬೈಯಲ್ಲಿ 3ರ ಬದಲು 11 ತಾಸು ಕಾಯುವ ಟಿಕೆಟ್ ತಗೊಂಡರೆ 42 ತಾಸು ಆಗುತ್ತದೆ. ಇಪ್ಪತ್ತರ ಹುಡುಗ ನೆಲದ ಮೇಲೆ ಮಲಗಿ ಕಳೆದಾನು. ಅರವತ್ತೈದರ ಅವ್ವನಿಗೆ ಅದು ಆಗುವ ಮಾತಲ್ಲ.

ಬೀದರ್‌ನವರಿಗೆ ಜಹೀರಾಬಾದ್ ಮೇಲೆ ದಾರಿ ಚಿಕ್ಕದು, ಮೂರು-ಮೂರೂವರೆ ತಾಸು. ಯಾದಗಿರಿಯವರು ಗುರುಮಠಕಲ್, ನಾರಾಯಣಪೇಟೆ, ಮಹಬೂಬ್‌ನಗರದ ಕಡೆಯಿಂದ ಬಂದರೆ ಹೈದರಾಬಾದ್ ಊರೊಳಗೆ ಹೋಗುವ ಪ್ರಸಂಗವೇ ಇಲ್ಲ, ಹೆದ್ದಾರಿ ನೇರ ಶಂಶಾಬಾದ್‌ಗೆ ತಂದು ಬಿಡುತ್ತದೆ. ವಾಡಿ-ತಾಂಡೂರು ಮಾರ್ಗದ ರೈಲಿನಲ್ಲಿ ಬರುವವರು ನಾಂಪಲ್ಲಿ ಅಥವಾ ಸಿಕಂದರಾಬಾದ್‌ವರೆಗೆ ಹೋಗದೆ, ನಿಲ್ಲುವ ರೈಲಾದರೆ ಲಿಂಗಂಪಲ್ಲಿಯಲ್ಲೇ ಇಳಿದು ಟ್ಯಾಕ್ಸಿ ಹಿಡಿಯುವುದು ಮೇಲು. ಆದರೆ ವಿಮಾನದ ದಿನದ ರೈಲನ್ನು ನಂಬಬೇಡಿ. ಎರಡು ತಾಸು ತಡವಾದರೆ ರೈಲ್ವೆಯವರು ವಿಮಾನದ ಟಿಕೆಟ್ ಹಣ ಕೊಡುವುದಿಲ್ಲ.

ಕಲಬುರಗಿ, ಬೀದರ್‌ನಲ್ಲೇ ವಿಮಾನ ನಿಲ್ದಾಣ ಇದೆಯಲ್ಲ, ಬೆಂಗಳೂರಿಗೆ ಹಾರಿ ಅಲ್ಲಿಂದ ಹೋದರೆ? ವಿಮಾನ ಓಡುತ್ತಿರುವ ಕಾಲದಲ್ಲೂ ಎರಡು ತೊಡಕು. ಒಂದು, ದೇಶದೊಳಗಿನ ಟಿಕೆಟ್‌ನಲ್ಲಿ ಚೆಕ್-ಇನ್ ಬ್ಯಾಗ್ ಸಾಮಾನ್ಯವಾಗಿ 15 ಕೆಜಿ. ನಿಮ್ಮ ಹತ್ತಿರ ಇರುವುದು 46 ಕೆಜಿ. ಉಳಿದ 31 ಕೆಜಿಗೆ ಕೊಡುವ ದುಡ್ಡಿನಲ್ಲಿ ಹೈದರಾಬಾದ್‌ಗೆ ಒಳ್ಳೆ ಕಾರೇ ಬರುತ್ತದೆ. ಎರಡು, ಬೇರೆ ಬೇರೆ ಟಿಕೆಟ್ ಆದಾಗ ಮೊದಲನೆಯದು ರದ್ದಾದರೆ ಎರಡನೆಯ ಕಂಪನಿಗೆ ಅದರ ಗೊಡವೆ ಇಲ್ಲ, ನೀವು ಬರಲಿಲ್ಲ ಎಂದಷ್ಟೇ ಬರೆದುಕೊಳ್ಳುತ್ತದೆ. ಬೆಂಗಳೂರು ಬೇಕೇ ಬೇಕಾದರೆ ಹಿಂದಿನ ದಿನ ಹೋಗಿ ಉಳಿಯಿರಿ.

ಗಲ್ಫ್ ದಾರಿಯೋ, ಯುರೋಪ್ ದಾರಿಯೋ

ಹೈದರಾಬಾದ್‌ನಿಂದ ಅಮೆರಿಕಕ್ಕೆ ಒಂದೇ ನಿಲುಗಡೆಯ ದಾರಿಗಳು ಮುಖ್ಯವಾಗಿ ಇವು: ದುಬೈ ಮೇಲೆ ಎಮಿರೇಟ್ಸ್, ದೋಹಾ ಮೇಲೆ ಕತಾರ್, ಅಬುಧಾಬಿ ಮೇಲೆ ಎತಿಹಾದ್, ಲಂಡನ್ ಮೇಲೆ ಬ್ರಿಟಿಷ್ ಏರ್‌ವೇಸ್, ಫ್ರಾಂಕ್‌ಫರ್ಟ್ ಮೇಲೆ ಲುಫ್ತಾನ್ಸಾ, ದೆಹಲಿ ಅಥವಾ ಮುಂಬೈ ಮೇಲೆ ಏರ್ ಇಂಡಿಯಾ.

ಗಲ್ಫ್ ದಾರಿಯ ಆಕಾರ 4 + 14ರಿಂದ 16 ತಾಸು. ಯುರೋಪಿನದು ಸುಮಾರು 9 + 10. ಒಟ್ಟು ಸಮಯ ಹೆಚ್ಚು ಕಡಿಮೆ ಒಂದೇ, ದೇಹಕ್ಕೆ ಮಾತ್ರ ಒಂದೇ ಅಲ್ಲ. ಮೊಣಕಾಲು ನೋವು, ಕಾಲು ಬಾವು, ಪದೇ ಪದೇ ಬಾತ್‌ರೂಮಿಗೆ ಏಳುವ ಅಗತ್ಯ ಇರುವವರಿಗೆ ನಡುವೆ ಸರಿ ಅರ್ಧಕ್ಕೆ ತುಂಡಾಗುವ ಯುರೋಪ್ ದಾರಿ ಹಗುರ. ಹಿಂದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ಯಾವ ದಾರಿಯಾದರೂ ಡಾಕ್ಟರನ್ನು ಕೇಳಿಯೇ ಬುಕ್ ಮಾಡಬೇಕು.

ಆದರೆ ಗಲ್ಫಿಗೆ ಒಂದು ದೊಡ್ಡ ಅನುಕೂಲವಿದೆ, ಅದು ನಮ್ಮ ಊರಿನವರಿಗೇ ಮೀಸಲು ಎನ್ನಬಹುದು: ಭಾಷೆ. ಕಲಬುರಗಿ, ಬೀದರ್‌ನ ಅಪ್ಪ-ಅವ್ವಂದಿರಿಗೆ ಇಂಗ್ಲಿಷ್ ಬರದಿದ್ದರೂ ದಖನಿ ಉರ್ದು ಬಾಯಿಗೆ ಬರುತ್ತದೆ. ದುಬೈ, ದೋಹಾದಲ್ಲಿ ಗಾಲಿಕುರ್ಚಿ ತಳ್ಳುವವನಿಂದ ಗೇಟಿನವರವರೆಗೆ ಹಿಂದಿ-ಉರ್ದು ಬಲ್ಲವರು ಹೆಜ್ಜೆಗೊಬ್ಬರು ಸಿಗುತ್ತಾರೆ. ಫ್ರಾಂಕ್‌ಫರ್ಟ್‌ನಲ್ಲಿ ಸಿಗುವುದು ಅದೃಷ್ಟ. ಮೊದಲ ಸಲ, ಜೊತೆಗೆ ಯಾರೂ ಇಲ್ಲದೆ ಹೊರಟವರಿಗೆ ನಮ್ಮ ಮತ ಗಲ್ಫಿಗೇ.

ಅಬುಧಾಬಿಯಲ್ಲಿ ಇನ್ನೊಂದು ವಿಶೇಷ. ಅಮೆರಿಕದ ಇಮಿಗ್ರೇಶನ್ ಅಧಿಕಾರಿಗಳು ಅಲ್ಲೇ ಕೂತಿರುತ್ತಾರೆ. ವಿಮಾನ ಹತ್ತುವ ಮೊದಲೇ ಬೆರಳಚ್ಚು, ಪ್ರಶ್ನೆ ಎಲ್ಲ ಮುಗಿಯುತ್ತದೆ. ಅತ್ತ ಇಳಿದ ಮೇಲೆ ದೇಶದೊಳಗಿನ ಪ್ರಯಾಣಿಕರಂತೆ ಹೊರಬರಬಹುದು. ಅದಕ್ಕೇ ಅಲ್ಲಿ ಎರಡು ತಾಸಿನ ಕನೆಕ್ಷನ್ ಸಾಲದು, ಮೂರಾದರೂ ಇರಲಿ. ಬೇರೆ ದಾರಿಯಲ್ಲಿ ಬಂದು, ಅಮೆರಿಕದೊಳಗೆ ಮತ್ತೊಂದು ವಿಮಾನ ಹಿಡಿಯಬೇಕಾದವರು ಮೊದಲು ಇಳಿದ ಊರಲ್ಲೇ ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಬೆಲ್ಟಿಗೆ ಹಾಕಬೇಕು. ಅಲ್ಲಿಗೆ ಮೂರು ತಾಸಿಗಿಂತ ಕಡಿಮೆ ಇಡಬೇಡಿ.

ದೆಹಲಿ ದಾರಿ ಡಿಸೆಂಬರ್, ಜನವರಿಯಲ್ಲಿ ಬೇಡ. ಅಲ್ಲಿಯ ಬೆಳಗಿನ ಮಂಜಿಗೆ ಹೈದರಾಬಾದ್‌ನ ವಿಮಾನ ಹೊರಡುವುದೇ ತಡವಾಗಿ, ಮುಂದಿನದು ಕೈತಪ್ಪುತ್ತದೆ.

ಯುರೋಪ್ ದಾರಿಯಲ್ಲಿ ಟ್ರಾನ್ಸಿಟ್ ವೀಸಾ, ಅಂದರೆ ನಡುವೆ ವಿಮಾನ ಬದಲಿಸಲು ಬೇಕಾಗುವ ವೀಸಾ, ನೋಡಿಕೊಳ್ಳಿ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಪಾಸ್‌ಪೋರ್ಟಿನಲ್ಲಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಸಿಕ್ಕಿಬೀಳುವುದು ಮಕ್ಕಳು: ವೀಸಾ ಸ್ಟಾಂಪಿನ ಅವಧಿ ಮುಗಿದು, ಅಮೆರಿಕ ಸರ್ಕಾರ ಕೊಡುವ ಅನುಮೋದನೆಯ ಐ-797 ಕಾಗದವೊಂದರ ಮೇಲೆಯೇ ಅಲ್ಲಿ ಕೆಲಸ ಮಾಡುತ್ತ ಊರಿಗೆ ಬರಲು ಲಂಡನ್ ಟಿಕೆಟ್ ತಗೊಂಡವರು. ಈ ನಿಯಮಗಳು ಬದಲಾಗುತ್ತಿರುತ್ತವೆ. ದುಡ್ಡು ಕಟ್ಟುವ ದಿನ ಆಯಾ ದೇಶದ ಸರ್ಕಾರಿ ತಾಣದಲ್ಲೇ ಓದಿ, ಏಜೆಂಟ್ ಬಾಯಿಮಾತು ಬೇಡ.

ಕುರ್ಚಿಯ ಇಂಚು

ಕಂಪನಿಯ ಹೆಸರಿಗಿಂತ ವಿಮಾನದ ಮಾದರಿ ಹೆಚ್ಚು ಹೇಳುತ್ತದೆ. ಬೋಯಿಂಗ್ 777ರಲ್ಲಿ ಈಗ ಬಹುತೇಕ ಕಂಪನಿಗಳು ಸಾಲಿಗೆ ಹತ್ತು ಜನರನ್ನು, 3-4-3 ಎಂದು ಕೂರಿಸುತ್ತವೆ. ಸೀಟಿನ ಅಗಲ ಸುಮಾರು 17 ಇಂಚು. 787ರಲ್ಲಿ 3-3-3, ಅಗಲ ಹೆಚ್ಚು ಕಡಿಮೆ ಅಷ್ಟೇ. ಏರ್‌ಬಸ್ ಎ350 (3-3-3) ಮತ್ತು ಎ380ರ ಕೆಳ ಅಂತಸ್ತಿನಲ್ಲಿ (3-4-3) ಸುಮಾರು 18 ಇಂಚು. ಒಂದು ಇಂಚಿಗೆ ಏನು ಮಹಾ ಎನ್ನಬೇಡಿ. 17ರಲ್ಲಿ ಪಕ್ಕದವನ ಮೊಣಕೈ ನಿಮ್ಮ ಪಕ್ಕೆಗೆ ಇಡೀ ರಾತ್ರಿ ತಾಗುತ್ತದೆ, 18ರಲ್ಲಿ ಆಗೊಮ್ಮೆ ಈಗೊಮ್ಮೆ ತಾಗುತ್ತದೆ ಅಷ್ಟೇ.

ಮುಂದಿನ ಸೀಟಿಗೂ ನಿಮ್ಮದಕ್ಕೂ ಇರುವ ಅಂತರಕ್ಕೆ ಪಿಚ್ ಎನ್ನುತ್ತಾರೆ. ಎಕಾನಮಿಯಲ್ಲಿ 31-32 ಇಂಚು ಸಾಮಾನ್ಯ. ನಿಮಗೆ ಸಾಕೋ ಇಲ್ಲವೋ ಮನೆಯಲ್ಲೇ ತಿಳಿಯಬಹುದು. ಕುರ್ಚಿಯನ್ನು ಗೋಡೆಗೆ ಹಚ್ಚಿ, ಬೆನ್ನು ಒತ್ತಿ ನೆಟ್ಟಗೆ ಕೂತು, ಬೆನ್ನ ಹಿಂಭಾಗದಿಂದ ಮೊಣಕಾಲಿನ ತುದಿವರೆಗೆ ಟೇಪು ಹಿಡಿಸಿ. 23 ಇಂಚಿನೊಳಗಿದ್ದರೆ ಚಿಂತೆ ಬೇಡ. 25 ದಾಟಿದರೆ, ಸೀಟಿನ ದಪ್ಪ ಕಳೆದ ಮೇಲೆ 31ರ ಪಿಚ್ ಬಿಗಿಯಾಗುತ್ತದೆ. ಆಗ ತುರ್ತು ಬಾಗಿಲಿನ ಹತ್ತಿರದ ಎಕ್ಸಿಟ್ ಸಾಲಿಗೆ ದುಡ್ಡು ಕೊಡುವುದು ದಂಡವಲ್ಲ. ಆ ಸಾಲಿನಲ್ಲಿ ವಯಸ್ಸಾದವರನ್ನು, ಗಾಲಿಕುರ್ಚಿ ಕೇಳಿದವರನ್ನು ಮಾತ್ರ ಕೂರಿಸುವುದಿಲ್ಲ.

ಇನ್ನು ಗಾಳಿ. 787, ಎ350ರಲ್ಲಿ ಒಳಗಿನ ಒತ್ತಡ 6,000 ಅಡಿ ಎತ್ತರದಲ್ಲಿ ಇರುವಂತೆ ಇಟ್ಟಿರುತ್ತಾರೆ, ಅಂದರೆ ಹೆಚ್ಚು ಕಡಿಮೆ ಮುಳ್ಳಯ್ಯನಗಿರಿ ತುದಿಯಲ್ಲಿ ಕೂತಂತೆ. ಹಳೆ ಮಾದರಿಗಳಲ್ಲಿ ಅದು 8,000 ಅಡಿವರೆಗೆ ಹೋಗಬಹುದು. ಅಷ್ಟು ಎತ್ತರದ ಬೆಟ್ಟ ಕರ್ನಾಟಕದಲ್ಲೇ ಇಲ್ಲ. ತಲೆನೋವು, ಗಂಟಲು ಒಣಗುವುದು, ಇಳಿದ ಮೇಲಿನ ಸುಸ್ತು ಹೊಸ ಮಾದರಿಯಲ್ಲಿ ಕಡಿಮೆ.

ಗಂಡ-ಹೆಂಡತಿ ಇಬ್ಬರೇ ಹೊರಟಿದ್ದರೆ ಒಂದು ಗುಟ್ಟು: 777ರ ಹಿಂಭಾಗ ಬಾಲದ ಕಡೆ ಕಿರಿದಾಗುತ್ತದೆ, ಅಲ್ಲಿಯ ಕೊನೆಯ ಕೆಲವು ಸಾಲುಗಳಲ್ಲಿ ಕಿಟಕಿ ಕಡೆ ಎರಡೇ ಸೀಟು. ಮೂರನೆಯವರ ಕಾಟವಿಲ್ಲ. ಕಟ್ಟಕಡೆಯ ಸಾಲು ಮಾತ್ರ ಬೇಡ: ಬೆನ್ನು ಸರಿಯಾಗಿ ಹಿಂದಕ್ಕೆ ಬಾಗುವುದಿಲ್ಲ, ಬಾತ್‌ರೂಮಿನ ಸಾಲು ನಿಮ್ಮ ತಲೆಯ ಹತ್ತಿರವೇ ನಿಲ್ಲುತ್ತದೆ. ಮುಂದೆ ಗೋಡೆ ಇರುವ ಸಾಲಿನಲ್ಲಿ ಕಾಲಿಗೆ ಜಾಗ ಉಂಟು, ಆದರೆ ತೊಟ್ಟಿಲು ಕಟ್ಟುವುದೂ ಅಲ್ಲೇ. ನಿದ್ದೆಯ ಆಸೆ ಬಿಡಿ.

ಗೂಗಲ್ ಫ್ಲೈಟ್ಸ್‌ನಲ್ಲಿ ಪ್ರತಿ ಹಾರಾಟದ ವಿವರ ತೆರೆದರೆ ವಿಮಾನದ ಮಾದರಿ, ಪಿಚ್ ಎರಡೂ ಕಾಣುತ್ತವೆ. ಅಲ್ಲೇ ಹಾರಿಸುವ ಕಂಪನಿ ಯಾವುದೆಂದೂ ಓದಿ. ಟಿಕೆಟ್ ಮೇಲಿನ ಹೆಸರು ಒಂದು, ವಿಮಾನ ಇನ್ನೊಬ್ಬರದು ಆಗಿರುವುದು ಬಹಳ. ಊಟ, ಸೀಟು, ಬ್ಯಾಗಿನ ಜಗಳ ಬಂದಾಗ ಇಬ್ಬರೂ ಒಬ್ಬರತ್ತ ಒಬ್ಬರು ಬೆರಳು ತೋರಿಸುತ್ತಾರೆ.

ಬ್ಯಾಗು, ದರದ ಬಗೆ, ಹೆಸರು

ಅಮೆರಿಕದ ಎಕಾನಮಿಗೆ ರೂಢಿಯ ಲೆಕ್ಕ 23 ಕೆಜಿಯ ಎರಡು ಬ್ಯಾಗ್. ತೀರ ಅಗ್ಗದ ಲೈಟ್ ಬಗೆಯ ದರಗಳಲ್ಲಿ ಒಂದೇ ಬ್ಯಾಗ್, ಕೆಲವದರಲ್ಲಿ ಒಂದೂ ಇರುವುದಿಲ್ಲ. ದುಡ್ಡು ಕಟ್ಟುವ ಪುಟದಲ್ಲಿ ‘2 ಪೀಸ್’ ಎಂದು ಕಾಣುವವರೆಗೆ ಮುಂದೆ ಹೋಗಬೇಡಿ. 46 ಕೆಜಿ ಇದೆಯೆಂದು ಒಂದರಲ್ಲಿ 30, ಇನ್ನೊಂದರಲ್ಲಿ 16 ತುಂಬಿದರೂ ದಂಡ ಬೀಳುತ್ತದೆ, ಮಿತಿ ಪ್ರತಿ ಬ್ಯಾಗಿಗೆ. ಕೈಚೀಲಕ್ಕೆ ಗಲ್ಫ್ ಕಂಪನಿಗಳಲ್ಲಿ 7 ಕೆಜಿ, ಲುಫ್ತಾನ್ಸಾದಲ್ಲಿ 8. ವಿದ್ಯಾರ್ಥಿಗಳು ಕಂಪನಿಯ ಸ್ವಂತ ತಾಣದಲ್ಲಿ ವಿದ್ಯಾರ್ಥಿ ದರ ಹುಡುಕಬೇಕು. ಹೆಚ್ಚಿನ ತೂಕ ಅಥವಾ ಇನ್ನೊಂದು ಬ್ಯಾಗ್ ಸಿಗುವುದುಂಟು.

ಒಳಗೆ ಏನಿರಬೇಕೆನ್ನುವುದಕ್ಕೂ ದಾರಿಗೂ ಸಂಬಂಧವಿದೆ. ಮಸಾಲೆ ಡಬ್ಬಿಯ ಗಸಗಸೆ ಯುಎಇಯಲ್ಲಿ ನಿಷಿದ್ಧ ವಸ್ತು. ಗಲ್ಫ್ ದಾರಿಯಾದರೆ ಒಂದು ಚಿಟಿಕೆಯೂ ಬೇಡ. ಒಣ ಕೊಬ್ಬರಿ ಬಿಡುವುದಿಲ್ಲ, ಅದರ ಎಣ್ಣೆಯಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದೆಂಬ ಕಾರಣಕ್ಕೆ. ಶೇಂಗಾ ಹಿಂಡಿ, ಖಾರದ ಪುಡಿ ಚೆಕ್-ಇನ್ ಬ್ಯಾಗಿಗೆ ಹಾಕಿ. ಅಮೆರಿಕದ ವಿಮಾನದಲ್ಲಿ ಕೈಚೀಲದ ಪುಡಿ 350 ಮಿಲಿ ದಾಟಿದರೆ ಬಿಚ್ಚಿಸುತ್ತಾರೆ. ಕಡಕ್ ರೊಟ್ಟಿ ಕೈಯಲ್ಲಿರಲಿ, ಚೆಕ್-ಇನ್‌ನಲ್ಲಿ ಚೂರಾಗುತ್ತದೆ. ಕಸ್ಟಮ್ಸ್‌ನಲ್ಲಿ ತಿನಿಸು ಇದೆ ಎಂದು ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ: 20,000 ಎಂಎಎಚ್ ಅಂದರೆ ಸುಮಾರು 74 ವ್ಯಾಟ್-ಅವರ್, 100ರ ಮಿತಿಯೊಳಗೆ ಬರುತ್ತದೆ. ಎಮಿರೇಟ್ಸ್ ಒಂದನ್ನಷ್ಟೇ ಬಿಡುತ್ತದೆ, ಹಾರುವಾಗ ಬಳಸುವಂತಿಲ್ಲ.

ಹಳೆ ಪಾಸ್‌ಪೋರ್ಟುಗಳಲ್ಲಿ ಸರ್‌ನೇಮ್ ಜಾಗ ಖಾಲಿ ಇರುವುದು ನಮ್ಮಲ್ಲಿ ಸಾಮಾನ್ಯ. ಒಂದು ಕಂಪನಿ ಅದೇ ಹೆಸರನ್ನು ಎರಡು ಸಲ ಬರೆಯಿರಿ ಎನ್ನುತ್ತದೆ, ಇನ್ನೊಂದು ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಗುರುತು) ಹಾಕಿ ಎನ್ನುತ್ತದೆ. ಬುಕ್ ಮಾಡುವ ಮುಂಚೆ ಆ ಕಂಪನಿಗೇ ಫೋನ್ ಮಾಡಿ. ಆಮೇಲೆ ತಿದ್ದಿಸುವುದಕ್ಕೆ ಕೆಲವೊಮ್ಮೆ ಹೊಸ ಟಿಕೆಟ್ಟೇ ಬೇಕಾಗುತ್ತದೆ. ಅಮೆರಿಕದ ನಿಯಮದಂತೆ, ಕಂಪನಿಯಿಂದ ನೇರವಾಗಿ, ಪ್ರಯಾಣಕ್ಕೆ ಏಳು ದಿನ ಅಥವಾ ಹೆಚ್ಚು ಮೊದಲು ತಗೊಂಡ ಟಿಕೆಟ್ಟನ್ನು ದಂಡವಿಲ್ಲದೆ ಬಿಡಲು ಸಾಮಾನ್ಯವಾಗಿ 24 ತಾಸು ಅವಕಾಶ ಇರುತ್ತದೆ. ಕಾಗುಣಿತ ನೋಡಿಕೊಳ್ಳಲು ಅಷ್ಟು ಸಾಕು.

ಬುಕ್ ಆದ ಮೇಲೆ

ಊಟವನ್ನು 24 ತಾಸಿಗೆ ಮೊದಲು, ಸಾಧ್ಯವಾದರೆ ಬುಕ್ ಮಾಡಿದ ದಿನವೇ ಹೇಳಿ. ಎವಿಎಂಎಲ್ ಅಂದರೆ ನಮ್ಮ ರುಚಿಯ ಸಸ್ಯಾಹಾರ. ವಿಜಿಎಂಎಲ್ ಒತ್ತಿದರೆ ಹಾಲು-ಮೊಸರಿಲ್ಲದ ಬೇಯಿಸಿದ ತರಕಾರಿ ಬಂದೀತು. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿಗೆ ವಿಜೆಎಂಎಲ್. ಎರಡೂ ಹಾರಾಟಕ್ಕೆ ಬೇರೆ ಬೇರೆ ಹಾಕಬೇಕು, ಹೋಗುವಾಗ ಹಾಕಿದ್ದು ಬರುವಾಗ ತಾನಾಗಿ ಬರುವುದಿಲ್ಲ.

ಗಾಲಿಕುರ್ಚಿ ಕೇಳಲು ನಾಚಿಕೆ ಬೇಡ, ದುಡ್ಡೂ ಇಲ್ಲ. ದೂರ ನಡೆಯಲಾಗದು, ಮೆಟ್ಟಿಲು ಹತ್ತಬಲ್ಲೆ ಎಂದರೆ ಡಬ್ಲ್ಯೂಸಿಎಚ್‌ಆರ್. ಮೆಟ್ಟಿಲೂ ಆಗದು ಎಂದರೆ ಡಬ್ಲ್ಯೂಸಿಎಚ್‌ಎಸ್. 48 ತಾಸು ಮುಂಚೆ ಹಾಕಿಸಿ.

ಕೌಂಟರ್‌ನಲ್ಲಿ ಬ್ಯಾಗಿಗೆ ಟ್ಯಾಗ್ ಕಟ್ಟಿದಾಗ ಬೆಲ್ಟ್ ಮುಂದೆ ಸರಿಯುವ ಮೊದಲು ಅದರ ಮೇಲಿನ ಮೂರು ದಪ್ಪ ಅಕ್ಷರ ಓದಿ. ಡಲ್ಲಾಸ್‌ಗಾದರೆ ಡಿಎಫ್‌ಡಬ್ಲ್ಯೂ ಇರಬೇಕು. ಡಿಎಕ್ಸ್‌ಬಿ ಒಂದೇ ಇದ್ದರೆ ಬ್ಯಾಗ್ ದುಬೈಯಲ್ಲೇ ಉಳಿಯುತ್ತದೆ, ಅಲ್ಲೇ ನಿಲ್ಲಿಸಿ ಕೇಳಿ. ಅವರು ಕೊಡುವ ಚಿಕ್ಕ ಚೀಟಿಗಳನ್ನು ಪಾಸ್‌ಪೋರ್ಟಿನ ಹಿಂದೆ ಅಂಟಿಸಿ, ಫೋನಿನಲ್ಲಿ ಅದರ ಫೋಟೊ ತೆಗೆದು ಅತ್ತ ಕಾಯುತ್ತಿರುವವರಿಗೆ ಕಳಿಸಿಬಿಡಿ.